ಏಡಿಯ ಪ್ರಯಾಣ

ವಿದ್ಯಾರ್ಥಿ ಸಂಘದ ಉದ್ಘಾಟನೆಗೆಂದು ದಯಮಾಡಿಸುವ ಅತಿಥಿಗಳಲ್ಲಿ ಮೂವರಲ್ಲೊಬ್ಬರಾದರೂ ಏಡಿಯ ಕಥೆಯನ್ನು ಹೇಳದೆ ವೇದಿಕೆಯಿಂದ ಇಳಿಯುವುದಿಲ್ಲ. ಏಡಿಗಳನ್ನು ತುಂಬಿದ ಬುಟ್ಟಿಗೆ ಮುಚ್ಚಳವೇ ಬೇಕಿಲ್ಲವಂತೆ. ಒಂದು ಮೇಲೆ ಹತ್ತಿದರೆ ಇನ್ನೊಂದು ಅದರ ಕಾಲು ಹಿಡಿದು ಕೆಳಗೆ ಎಳೆಯುತ್ತದೆಯಂತೆ. ನಾವು ಭಾರತೀಯರೂ ಹಾಗೆಯೇ ಅಂತೆ. ಸಭೆ ಚಪ್ಪಾಳೆ ತಟ್ಟುತ್ತದೆ. ಏಡಿ ಹಿಡಿಯುವವರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಮಾತ್ರ ಆ ಚಪ್ಪಾಳೆಯಲ್ಲಿ ಪಾಲುಗೊಳ್ಳಲು ಮನಸ್ಸಾಗುವುದಿಲ್ಲ. ಬುಟ್ಟಿಯಲ್ಲಿರುವ ಏಡಿ ಅಸೂಯೆಯಿಂದ ಯಾರ ಕಾಲನ್ನೂ ಎಳೆಯುವುದಿಲ್ಲ. ಕಾಲಿಗೆ ನೆಲ ಸಿಗದ ಪ್ರಾಣಿ ಎಟುಕಿದ್ದನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಬಸ್ಸು ಫಕ್ಕನೆ ನಿಂತಾಗ ನಾವು ಪಕ್ಕದವರ ಭುಜವನ್ನು ಹಿಡಿಯುವುದಿಲ್ಲವೆ, ಹಾಗೆ. ಇರಲಿ. ಏಡಿಯನ್ನು ಆ ಬುಟ್ಟಿಗೆ ಹಾಕಿದವರು ಯಾರು, ಅದನ್ನು ಎಲ್ಲಿಗೆ ಒಯ್ಯುತ್ತಾರೆ, ದಾರಿಯಲ್ಲಿ ಅದರ ಗತಿಯೇನು ಎಂದು ಯಾವ ಭಾಷಣಕಾರರೂ ಕೇಳಿದ್ದನ್ನು ನಾನು ಕಾಣೆ. ಅವರು ಬಿಟ್ಟ ಆ ಪ್ರಶ್ನೆಯನ್ನು ಎತ್ತಿಕೊಂಡು ನಾಲ್ಕು ಮಾತು ಬರೆಯುವುದು ಈ ಪ್ರಬಂಧದ ಉದ್ದೇಶ.

ಏಡಿಯ ಪ್ರಯಾಣಕ್ಕೆ ನಮ್ಮ ಕಥೆಗಳಲ್ಲಿ ಹಳೆಯ ದಾಖಲೆಯೊಂದಿದೆ. ಪಂಚತಂತ್ರದ ಕೊಕ್ಕರೆಯು ಕೆರೆಯ ಮೀನುಗಳನ್ನು ಬೇರೆ ನೀರಿಗೆ ಮುಟ್ಟಿಸುವೆನೆಂದು ನಂಬಿಸಿ, ಒಂದೊಂದಾಗಿ ಹೊತ್ತು ಒಯ್ದು ಬಂಡೆಯ ಮೇಲೆ ತಿಂದು ಮುಗಿಸುತ್ತಿತ್ತು. ಕೊನೆಗೆ ಏಡಿಯ ಸರದಿ ಬಂತು. ದಾರಿಯಲ್ಲಿ ಮೀನಿನ ಮುಳ್ಳುಗಳ ರಾಶಿಯನ್ನು ಕಂಡ ಏಡಿ, ತನ್ನನ್ನು ಹೊತ್ತವನ ಕತ್ತನ್ನೇ ಕತ್ತರಿಸಿಹಾಕಿತು. ಪ್ರಯಾಣಿಕನು ವಾಹನಕ್ಕೆ ಇಷ್ಟು ಖಚಿತವಾದ ಉತ್ತರ ಕೊಟ್ಟ ಉದಾಹರಣೆ ಇನ್ನೊಂದಿರಲಾರದು. ಮನುಷ್ಯನು ಆ ಕಥೆಯಿಂದ ಪಾಠ ಕಲಿತನೋ ಏನೋ, ಏಡಿಯನ್ನು ಒಯ್ಯುವ ಮೊದಲು ಅದರ ಎರಡು ಇಕ್ಕಳಗಳನ್ನೂ ದಾರದಿಂದ ಬಿಗಿದು ಕಟ್ಟುತ್ತಾನೆ. ಕಟ್ಟಿದ ಮೇಲೆ ಅದು ಏನನ್ನೂ ಹೇಳಲಾರದು. ಮಾತಿಲ್ಲದ ಜೀವಿಗೆ ಇದ್ದ ಒಂದೇ ಮಾತು ಆ ಇಕ್ಕಳ.

ನನ್ನ ಊರು ಕುಂದಾಪುರದ ಸಮೀಪದಲ್ಲಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತವೆ. ಆ ಹಿನ್ನೀರಿನ ಅಂಚಿನ ಕೆಸರಿನಲ್ಲಿ, ಕಾಂಡ್ಲಾ ಗಿಡಗಳ ಬೇರುಗಳ ನಡುವೆ, ಹಸುರುಗಪ್ಪು ಬಣ್ಣದ ದೊಡ್ಡ ಏಡಿಗಳಿರುತ್ತವೆ. ತುಳುವಿನವರು ಏಡಿಗೆ ದೆಂಜಿ ಎನ್ನುತ್ತಾರೆ, ಕೊಂಕಣಿಯವರು ಕುರ್ಲಿ ಎನ್ನುತ್ತಾರೆ. ಈ ಕೆಸರೇಡಿಗಳಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ಸಿಲ್ಲಾ. ಘಟ್ಟದ ಮೇಲಿನ ಗದ್ದೆಯ ಏಡಿಯನ್ನು ಮಾತ್ರ ಕಂಡಿರುವ ನನ್ನ ಸಹಪಾಠಿಗಳು ಇದನ್ನು ಕಂಡರೆ ಎರಡು ಹೆಜ್ಜೆ ಹಿಂದೆ ಸರಿದಾರು. ಒಂದೊಂದು ಅರ್ಧ ಕಿಲೋ ತೂಗುವುದುಂಟು, ಒಂದು ಕಿಲೋ ಮೀರುವುದೂ ಉಂಟು. ಜೀವಂತವಾಗಿದ್ದರೆ ಇದಕ್ಕೆ ಮಂಗಳೂರು, ಬೆಂಗಳೂರುಗಳಲ್ಲಿ ಒಳ್ಳೆಯ ಬೆಲೆ. ನಮ್ಮ ದೇಶದ ಕೆಸರೇಡಿಗಳು ವಿಮಾನವೇರಿ ಸಿಂಗಾಪುರದವರೆಗೂ ಹೋಗುತ್ತವೆ. ಸತ್ತ ಏಡಿಗೆ ಬೆಲೆಯೇ ಇಲ್ಲ. ಅದರ ಮಾಂಸ ಬೇಗನೆ ಕೆಡುವುದರಿಂದ ಯಾರೂ ಕೊಳ್ಳುವುದಿಲ್ಲ.

ನನ್ನ ಚಿಕ್ಕಿ ಈ ಏಡಿಗಳನ್ನು ಹಿಡಿದು ಮಾರುತ್ತಾಳೆ. ನಾನು ಈ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮತ್ತು ಇತಿಹಾಸಗಳನ್ನು ಓದುತ್ತಿರುವುದು ಆ ಹಣದಿಂದ. ಆದ್ದರಿಂದ ಇಲ್ಲಿ ನಾನು ಏಡಿ ತಿನ್ನಬಾರದೆಂದು ಉಪದೇಶ ಮಾಡಲು ಹೊರಟಿಲ್ಲ. ನಮ್ಮ ಮನೆಯ ಏಡಿಸಾರನ್ನು ಉಂಡವರು ಅಂಥ ಉಪದೇಶವನ್ನು ನಂಬುವಂತೆಯೂ ಇಲ್ಲ.

ಚಿಕ್ಕಿ ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ಆದರೆ ಏಡಿಯನ್ನು ಮುಟ್ಟುವ ವಿಷಯದಲ್ಲಿ ಅವಳ ನಿಯಮಗಳು ಬಹಳ ಕಟ್ಟುನಿಟ್ಟು. ಬಲೆಯಲ್ಲಿ ಕಾಲು ಸಿಕ್ಕಿಕೊಂಡ ಏಡಿಯನ್ನು ಎಳೆಯಬಾರದು, ಬಲೆಯನ್ನೇ ಬಿಡಿಸಬೇಕು. “ಕಾಲ್ ಎಳೀಬೇಡ ಮಗಾ, ಬಿಟ್ಟ್ ಹೋತ್ತ್” ಎನ್ನುತ್ತಾಳೆ. ಇಕ್ಕಳ ಕಟ್ಟುವಾಗ ದಾರವು ಕಣ್ಣಿನ ಮೇಲೆ ಹಾಯಬಾರದು, ಕೀಲಿನೊಳಗೆ ಕೊರೆಯಬಾರದು. ಹೊಸದಾಗಿ ಚಿಪ್ಪು ಕಳಚಿ ಮೈ ಮೆತ್ತಗಿರುವ ಏಡಿ ಸಿಕ್ಕಿದರೆ ಹೊಳೆಗೇ ಹಿಂದಕ್ಕೆ ಬಿಡಬೇಕು. ಅದು ದಾರಿ ತಾಳುವುದಿಲ್ಲ. ಹೆಡಿಗೆಯ ತಳಕ್ಕೆ ಕಾಂಡ್ಲಾ ಸೊಪ್ಪು, ಮೇಲೆ ಹೊಳೆಯ ಉಪ್ಪುನೀರಿನಲ್ಲಿ ಅದ್ದಿದ ಗೋಣಿಚೀಲ, ಇಟ್ಟ ಜಾಗ ನೆರಳು. ಒಂದರ ಮೇಲೊಂದು ಮೂರು ಸಾಲಿಗಿಂತ ಹೆಚ್ಚು ಹೇರಬಾರದು. ಹೀಗೆ ಇಟ್ಟ ಏಡಿ ನೀರಿನಿಂದ ಹೊರಗೆ ಎರಡು ಮೂರು ದಿನ ಗಟ್ಟಿಯಾಗಿರುತ್ತದೆ.

ಇವೆಲ್ಲ ಅವಳ ಅತ್ತೆಯಿಂದ ಅವಳಿಗೆ ಬಂದ ವಿದ್ಯೆ. ಇದರ ಹಿಂದಿರುವ ಕಾರಣಗಳನ್ನು ನಾನು ತಿಳಿದದ್ದು ಪ್ರಾಣಿಶಾಸ್ತ್ರ ಓದುವ ಗೆಳೆಯನೊಬ್ಬನ ಪುಸ್ತಕಗಳಿಂದ. ಏಡಿ ಉಸಿರಾಡುವುದು ಬೆನ್ನಿನ ಚಿಪ್ಪಿನ ಅಡಿಯಲ್ಲಿ ಎರಡು ಬದಿಗಿರುವ ಕಿವಿರುಗಳಿಂದ. ಕಿವಿರು ಒದ್ದೆಯಾಗಿರುವವರೆಗೆ ಕೆಸರೇಡಿಯು ಗಾಳಿಯಿಂದಲೂ ಆಮ್ಲಜನಕವನ್ನು ಪಡೆಯಬಲ್ಲದು. ಒಣಗಿತೆಂದರೆ ಅದರ ತೆಳು ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. ನೀರಿನಲ್ಲಿರುವಾಗ ಅದೇ ಕಿವಿರಿನಿಂದ ಹೊರಗೆ ಹೋಗುತ್ತಿದ್ದ ಅಮೋನಿಯವೆಂಬ ಕಲ್ಮಷವು ಹೊರದಾರಿ ಕಾಣದೆ ಮೈಯಲ್ಲೇ ಉಳಿಯುತ್ತದೆ. ಆಮ್ಲಜನಕ ಸಾಲದ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡುತ್ತದೆ. ಹೆದರಿದ, ಹಿಂಸೆಗೊಂಡ ಏಡಿಯ ಕಣ್ಣಿನ ಕಾಂಡದಲ್ಲಿರುವ ಗ್ರಂಥಿಯಿಂದ ಹಾರ್ಮೋನೊಂದು ಹೊರಟು, ರಕ್ತದಲ್ಲಿ ಸಕ್ಕರೆಯ ಅಂಶವನ್ನು ಏರಿಸುತ್ತದೆ. ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿ ನಿಂತ ನಮ್ಮ ಮೈಯಲ್ಲಿ ನಡೆಯುವುದೂ ಇಂಥದೇ ಒಂದು ವ್ಯಾಪಾರ. ವ್ಯತ್ಯಾಸವೇನೆಂದರೆ ಏಡಿಯ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿದ್ದು, ಅದು ತುಸು ನೀಲಿಯಾಗಿರುತ್ತದೆ. ಇನ್ನು ಕಾಲು ಕಳಚಿಕೊಳ್ಳುವುದು ಏಡಿಯು ಪ್ರಾಣ ಉಳಿಸಿಕೊಳ್ಳಲು ಮಾಡುವ ಕೊನೆಯ ಉಪಾಯ. ಶತ್ರುವಿಗೆ ಕಾಲನ್ನು ಒಪ್ಪಿಸಿ ತಾನು ಪಾರಾಗುತ್ತದೆ. ಮುಂದೆ ಚಿಪ್ಪು ಕಳಚುವಾಗ ಹೊಸ ಕಾಲು ಮೂಡೀತು. ಆದರೆ ಹೆಡಿಗೆಯಲ್ಲಿರುವ ಏಡಿಗೆ ಆ ಮುಂದೆ ಎಂಬುದು ಇರುವುದಿಲ್ಲ.

ಚಿಕ್ಕಿಯ ನಿಯಮಗಳೆಲ್ಲ ಅವಳ ಅಂಗಳದಲ್ಲಿ ನಡೆಯುತ್ತವೆ. ಹೆಡಿಗೆ ಅಂಗಳ ದಾಟಿತೆಂದರೆ ಏಡಿ ಬೇರೆಯವರ ಸೊತ್ತು. 2024ರ ಏಪ್ರಿಲಿನಲ್ಲಿ ಯುಗಾದಿಯ ರಜೆ ಮುಗಿಸಿ ನಾನು ಕಾಲೇಜಿಗೆ ಮರಳುವ ದಿನ ಅದನ್ನು ಕಣ್ಣಾರೆ ಕಂಡೆ. ಏಡಿ ಕೊಳ್ಳುವ ಏಜೆಂಟರೊಬ್ಬರು ಚಿಕ್ಕಿಯ 12 ಕಿಲೋ ಏಡಿಗಳನ್ನು ಬೇರೆಯವರ ಏಡಿಗಳೊಡನೆ ಥರ್ಮೋಕೋಲ್ ಪೆಟ್ಟಿಗೆಗಳಿಗೆ ತುಂಬಿ, ಮೇಲೆ ಮಂಜುಗಡ್ಡೆಯ ಚೂರುಗಳನ್ನು ಸುರಿದು, ಸುತ್ತಲೂ ಅಂಟುಪಟ್ಟಿ ಬಿಗಿದು, ನಾನು ಹೊರಟ ಬಸ್ಸಿಗೇ ಹಾಕಿಸಿದರು. ಘಟ್ಟ ಹತ್ತಿ ಬಂದ ಮೇಲೆ ಒಂದು ನಿಲ್ದಾಣದಲ್ಲಿ ಪೆಟ್ಟಿಗೆಗಳನ್ನು ಇಳಿಸಿದರು. ಅವುಗಳನ್ನು ಮುಂದಕ್ಕೆ ಒಯ್ಯಬೇಕಾದ ವಾಹನ ಬಂದಿರಲಿಲ್ಲ. ಮಧ್ಯಾಹ್ನದ ಹನ್ನೆರಡೂವರೆ ಗಂಟೆ. ಸಿಮೆಂಟಿನ ನೆಲ ಕಾದ ಕಾವಲಿಯಂತಿತ್ತು. ಪೆಟ್ಟಿಗೆಯೊಳಗಿಂದ ಗರಗರ ಎಂದು ಕೆರೆಯುವ ಸದ್ದು ಕೇಳುತ್ತಿತ್ತು. ನಾನೂ ಒಬ್ಬ ಹಮಾಲಿಯೂ ಸೇರಿ ನಾಲ್ಕು ಪೆಟ್ಟಿಗೆಗಳನ್ನೂ ನೆರಳಿಗೆ ಎಳೆದೆವು. ಅಂಟುಪಟ್ಟಿಯನ್ನು ಬಿಚ್ಚಿ ಸ್ವಲ್ಪ ಗಾಳಿಯಾಡಲು ಬಿಡಬಹುದೇ ಎಂದು ಏಜೆಂಟರಿಗೆ ಫೋನು ಮಾಡಿ ಕೇಳಿದೆ. ಮಾಲು ಮುಟ್ಟಬಾರದೆಂದು ಉತ್ತರ ಬಂತು. ಹಮಾಲಿ ನಕ್ಕು, “ತಿನ್ನೋಕೇ ತಾನೇ ಹೋಗೋದು, ಬಿಡಿ ಸ್ವಾಮಿ” ಎಂದ. ಮೂರು ಗಂಟೆಯ ಹೊತ್ತಿಗೆ ವಾಹನ ಬಂದಾಗ ಕೆರೆಯುವ ಸದ್ದು ನಿಂತಿತ್ತು.

ನಲವತ್ತರಲ್ಲಿ ಹದಿನೇಳು ಸತ್ತಿದ್ದವೆಂದು ಮರುದಿನ ಲೆಕ್ಕ ಬಂತು. ಅಷ್ಟರ ಹಣವನ್ನು ಚಿಕ್ಕಿಯ ಬಾಕಿಯಲ್ಲಿ ಮುರಿದುಕೊಂಡರು. ಸಂಜೆ ಫೋನಿನಲ್ಲಿ ಅವಳು ಹಣದ ಮಾತು ಆಡಲಿಲ್ಲ. ಎಷ್ಟು ಹೊತ್ತು ಬಿಸಿಲಿನಲ್ಲಿದ್ದವು, ಪೆಟ್ಟಿಗೆಗೆ ತೂತು ಇತ್ತೇ ಎಂದು ಕೇಳಿದಳು. ಇರಲಿಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಗುಕೆ ಬಾಯಿಲ್ಲ ಅಂದ್ಹೇಳಿ ನಾವ್ ಕೆಮಿ ಮುಚ್ಕಂಬ್ದಾ?” ಎಂದಳು. ಕೆಮಿ ಎಂದರೆ ನಮ್ಮ ಕಡೆಯಲ್ಲಿ ಕಿವಿ.

ಈ ಸಂಗತಿಯನ್ನು ಹಾಸ್ಟೆಲಿನಲ್ಲಿ ಹೇಳಿದಾಗ ತರ್ಕದಲ್ಲಿ ಗಟ್ಟಿಗನಾದ ಮಿತ್ರನೊಬ್ಬನು ಎರಡು ಆಕ್ಷೇಪಗಳನ್ನು ಎತ್ತಿದನು. ಮೊದಲನೆಯದು, ಬೆನ್ನೆಲುಬಿಲ್ಲದ ಪ್ರಾಣಿಗೆ ನೋವು ಎಂಬುದಿದೆಯೆ? ಮುಟ್ಟಿದರೆ ಮುದುಡುವ ನಾಚಿಕೆಮುಳ್ಳಿನಂತೆ ಅದೂ ಬರಿಯ ಯಾಂತ್ರಿಕ ಪ್ರತಿಕ್ರಿಯೆ ಏಕಾಗಿರಬಾರದು? ಎರಡನೆಯದು, ಕೊನೆಗೆ ಕೊಲ್ಲುವುದೇ ಆದಮೇಲೆ ದಾರಿಯ ನೋವಿಗೆ ಮರುಗುವುದು ಬೂಟಾಟಿಕೆಯಲ್ಲವೆ? ಎರಡೂ ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಗಳಲ್ಲ.

ಮೊದಲನೆಯದಕ್ಕೆ ಉತ್ತರ ಹುಡುಕಲು ಉತ್ತರ ಐರ್ಲೆಂಡಿಗೆ ಹೋಗಬೇಕಾಗುತ್ತದೆ. ಅಲ್ಲಿನ ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್‌ವುಡ್ ಎಂಬ ಪ್ರಾಧ್ಯಾಪಕರು ಸನ್ಯಾಸಿ ಏಡಿಗಳ ಮೇಲೆ ನಡೆಸಿದ ಪ್ರಯೋಗಗಳು 2009ರಲ್ಲಿ ಪ್ರಕಟವಾದವು. ಸನ್ಯಾಸಿ ಏಡಿಯು ಬೇರೆ ಜೀವಿ ಬಿಟ್ಟುಹೋದ ಶಂಖದಲ್ಲಿ ಬಿಡಾರ ಹೂಡುವ ಪ್ರಾಣಿ. ಎಲ್ಲ ಶಂಖಗಳೂ ಅದಕ್ಕೆ ಸಮಾನವಾಗಿ ಹಿಡಿಸುವುದಿಲ್ಲ. ಶಂಖದೊಳಗೆ ಸಣ್ಣ ವಿದ್ಯುತ್ತಿನ ಪೆಟ್ಟು ಕೊಟ್ಟಾಗ, ಇಷ್ಟವಿಲ್ಲದ ಶಂಖದಲ್ಲಿದ್ದ ಏಡಿಗಳು ಬೇಗನೆ ಮನೆ ಬಿಟ್ಟವು. ಇಷ್ಟದ ಶಂಖದಲ್ಲಿದ್ದವು ಅಷ್ಟು ಸುಲಭವಾಗಿ ಬಿಡಲಿಲ್ಲ. ಹೊರಬರದೆ ಉಳಿದವುಗಳಲ್ಲಿಯೂ, ಪೆಟ್ಟು ತಿಂದವು ಹೊಸ ಶಂಖವೊಂದನ್ನು ಕಂಡೊಡನೆ ಅದಕ್ಕೆ ದಾಟಲು ಹೆಚ್ಚು ಆತುರಪಟ್ಟವು. ಬರಿಯ ಯಂತ್ರವಾಗಿದ್ದರೆ ಪೆಟ್ಟಿಗೆ ಒಂದೇ ಉತ್ತರ ಬರಬೇಕಿತ್ತು. ಇಲ್ಲಿ ಏಡಿಯು ಒಂದು ತಟ್ಟೆಯಲ್ಲಿ ನೋವನ್ನೂ ಇನ್ನೊಂದರಲ್ಲಿ ಮನೆಯನ್ನೂ ಇಟ್ಟು ತೂಗಿದಂತಿದೆ; ಆದ ಪೆಟ್ಟನ್ನು ನೆನಪಿಟ್ಟಂತಿದೆ. ಬಾಡಿಗೆ ಮನೆಯಲ್ಲಿರುವ ಯಾವ ಗುಮಾಸ್ತನೂ ಮಾಡುವುದು ಇದನ್ನೇ.

ಇಂಥ ಮುನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಲಂಡನ್ನಿನ ಅರ್ಥಶಾಸ್ತ್ರ ಶಾಲೆಯ ಜೊನಾಥನ್ ಬರ್ಚ್ ಅವರ ನೇತೃತ್ವದ ತಂಡವು 2021ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ವರದಿಯೊಂದನ್ನು ಒಪ್ಪಿಸಿತು. ಆಕ್ಟೋಪಸ್ಸು, ಬೊಂಡಾಸಗಳ ಬಳಗವನ್ನೂ, ಏಡಿ, ಸಿಗಡಿಗಳ ಬಳಗವನ್ನೂ ಸುಖದುಃಖಗಳನ್ನು ಅನುಭವಿಸುವ ಜೀವಿಗಳೆಂದೇ ಎಣಿಸಬೇಕೆಂಬುದು ಅದರ ಅಭಿಪ್ರಾಯ. ಅದರಂತೆ 2022ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಪ್ರಾಣಿಕಲ್ಯಾಣದ ಶಾಸನದಲ್ಲಿ ಅವೂ ಸೇರಿದವು. ಸ್ವಿಟ್ಜರ್‌ಲೆಂಡು ಇನ್ನೂ ಮುಂದೆ ಹೋಗಿ, 2018ರ ಮಾರ್ಚಿನಿಂದ, ಜೀವಂತ ಏಡಿ, ಲಾಬ್‌ಸ್ಟರ್‌ಗಳನ್ನು ಮಂಜುಗಡ್ಡೆಯ ಮೇಲಾಗಲಿ ಮಂಜಿನ ನೀರಿನಲ್ಲಾಗಲಿ ಸಾಗಿಸಕೂಡದೆಂದು ವಿಧಿಸಿತು. ಇದನ್ನು ಓದಿದಾಗ ನನಗೆ ಆ ಥರ್ಮೋಕೋಲ್ ಪೆಟ್ಟಿಗೆ ಕಣ್ಣೆದುರು ಬಂತು. ಬೆಚ್ಚನೆಯ ಹಿನ್ನೀರಿನಲ್ಲಿ ಬೆಳೆದ ಏಡಿಗೆ ತಂಪು ಹಿತ, ಮಂಜುಗಡ್ಡೆ ಪೆಟ್ಟು. ಕರಗಿದ ನೀರು ಪೆಟ್ಟಿಗೆಯ ತಳದಲ್ಲಿ ನಿಂತಿತೆಂದರೆ, ಅದರಲ್ಲಿದ್ದ ಅಷ್ಟಿಷ್ಟು ಆಮ್ಲಜನಕ ತೀರಿದ ಮೇಲೆ ಅಡಿಯ ಸಾಲಿನ ಏಡಿಗಳು ನೀರಿನಲ್ಲಿದ್ದೂ ಉಸಿರುಗಟ್ಟುತ್ತವೆ.

ಮಿತ್ರನ ಎರಡನೆಯ ಆಕ್ಷೇಪಕ್ಕೆ ಉತ್ತರ ನಮ್ಮ ದೇಶದಲ್ಲಿಯೇ ಸಿಕ್ಕಿತು. ಭರತನಾಟ್ಯಕ್ಕೆ ಗೌರವದ ಸ್ಥಾನ ದೊರಕಿಸಿದ ರುಕ್ಮಿಣಿದೇವಿ ಅರುಂಡೇಲರ ಹೆಸರನ್ನು ಕಲೆಯ ಪ್ರಸಂಗದಲ್ಲಿ ನಾವೆಲ್ಲ ಕೇಳಿದ್ದೇವೆ. ಅವರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಮೇಲೆ ಪ್ರಾಣಿಹಿಂಸೆಯನ್ನು ತಡೆಯುವ ಮಸೂದೆಯೊಂದನ್ನು ತಾವೇ ಮಂಡಿಸಿದರು. ಸರ್ಕಾರವೇ ಅಂಥದನ್ನು ತರುವುದೆಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. ಅದರ ಫಲವಾಗಿ ಬಂದದ್ದು 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆ. ಆ ಕಾಯಿದೆಯು ಆಹಾರಕ್ಕಾಗಿ ಪ್ರಾಣಿಯನ್ನು ಕೊಲ್ಲುವುದನ್ನು ಅಪರಾಧವೆನ್ನುವುದಿಲ್ಲ; ಆದರೆ ಅನಾವಶ್ಯಕವಾದ ನೋವು ಅದರೊಡನೆ ಸೇರಿರಬಾರದು ಎನ್ನುತ್ತದೆ. ಪ್ರಾಣಿಯನ್ನು ಅನಾವಶ್ಯಕ ನೋವಾಗುವ ರೀತಿಯಲ್ಲಿ ಸಾಗಿಸುವುದನ್ನು ಬೇರೆಯಾಗಿಯೇ ಅಪರಾಧವೆಂದು ಎಣಿಸುತ್ತದೆ. ಎಂದರೆ, ಕೊಲ್ಲುವುದು ಒಂದು, ನೋಯಿಸುವುದು ಇನ್ನೊಂದು ಎಂಬ ವಿವೇಕ ಅರವತ್ತು ವರ್ಷಗಳಿಗೂ ಹಿಂದೆ ನಮ್ಮ ಶಾಸನದಲ್ಲಿ ಬರೆಯಲ್ಪಟ್ಟಿದೆ. ಅಡಿಗೆಮನೆಯಲ್ಲಿ ಬರುವ ಸಾವು ಕೆಲವು ನಿಮಿಷಗಳದು. ದಾರಿಯ ಸಂಕಟ ಎರಡು ದಿನಗಳದು. ಕೊನೆ ಒಂದೇ ಎಂದು ದಾರಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಮ್ಮ ನಿಮ್ಮ ಬಾಳಿಗೂ ಅದೇ ತರ್ಕ ಅನ್ವಯಿಸೀತು.

ಇನ್ನು ಅನಾವಶ್ಯಕ ಎಂಬ ಆ ಪದವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯ ಕಣ್ಣಿನಿಂದ ನೋಡೋಣ. ಒದ್ದೆ ಗೋಣಿಗೆ ಎಷ್ಟು ಖರ್ಚು? ನೆರಳಿಗೆ ಬಾಡಿಗೆ ಉಂಟೆ? ಪೆಟ್ಟಿಗೆಗೆ ಆರು ತೂತು ಕೊರೆಯಲು ಒಂದು ಮೊಳೆ ಸಾಕು. ಏಡಿಗೆ ಕೊಡುವ ಈ ಹಿಂಸೆಯಿಂದ ಯಾರಿಗೂ ಒಂದು ಪೈಸೆ ಉಳಿತಾಯವಿಲ್ಲ. ಹದಿನೇಳು ಏಡಿಗಳ ಹಣ ನಷ್ಟವಾಯಿತಷ್ಟೆ. ಹಾಗಾದರೆ ಇದು ನಡೆಯುವುದೇಕೆ? ನಷ್ಟವು ಪೆಟ್ಟಿಗೆ ತುಂಬಿದವರ ತಲೆಗೆ ಬರದೆ, ಹಿಡಿದವಳ ತಲೆಗೆ ಬರುವುದರಿಂದ. ಏಡಿಯು ಕೈಯಿಂದ ಕೈಗೆ ದಾಟುತ್ತದೆ. ಹೊಣೆ ಮಾತ್ರ ದಾಟುವುದಿಲ್ಲ.

ಸಾಗಿಸುವ ವಿದ್ಯೆ ನಮಗೆ ತಿಳಿಯದೆಂದೂ ಹೇಳುವಂತಿಲ್ಲ. ಸಿಗಡಿ ಸಾಕುವ ಹೊಂಡಗಳಿಗೆ ದೂರದಿಂದ ಸಿಗಡಿ ಮರಿಗಳು ಬರುತ್ತವೆ. ಒಂದೊಂದೂ ಕಣ್ಣರೆಪ್ಪೆಯ ಕೂದಲಿನಷ್ಟಿರುತ್ತದೆ. ಅವುಗಳಿಗೆ ಪ್ಲಾಸ್ಟಿಕ್ ಚೀಲದಲ್ಲಿ ಉಪ್ಪುನೀರು, ಮೇಲೆ ತುಂಬಿದ ಆಮ್ಲಜನಕ, ಹದವಾಗಿ ತಂಪು ಮಾಡಿದ ಪೆಟ್ಟಿಗೆ, ಬಿಸಿಲು ತಾಗದಂತೆ ರಾತ್ರಿಯ ಪಯಣ. ತಲುಪಿದ ಮೇಲೆ ಹೊಂಡದ ನೀರಿಗೆ ಮೆಲ್ಲಮೆಲ್ಲನೆ ಹೊಂದಿಸಿ ಬಿಡುವ ಉಪಚಾರ. ತಲುಪಿದ ಮೇಲೆ ಅವು ಬದುಕಿ ಬೆಳೆಯಬೇಕು, ಅದಕ್ಕಾಗಿ ಇಷ್ಟೆಲ್ಲ. ಬೆಳೆಯುವುದಕ್ಕೆ ಹೋಗುವವರದು ಒಂದು ದರ್ಜೆಯ ಪ್ರಯಾಣ, ಬೇಯುವುದಕ್ಕೆ ಹೋಗುವವರದು ಇನ್ನೊಂದು ದರ್ಜೆ. ಟಿಕೀಟಿನ ಈ ಭೇದವನ್ನು ಮಾಡಿದವರು ನಾವು. ಎರಡು ಜೀವಿಗಳ ಕಿವಿರುಗಳಿಗೆ ಅದು ತಿಳಿಯದು.

ಮುಂದೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಪೆಟ್ಟಿಗೆಗೆ ತೂತು ಕೊರೆದು, ಮಂಜುಗಡ್ಡೆ ಬಿಟ್ಟು, ಒದ್ದೆ ಗೋಣಿ ಹೊದಿಸುವುದಾದರೆ ಮಾತ್ರ ಏಡಿ ಕೊಡುವೆನೆಂದು ಚಿಕ್ಕಿ ಏಜೆಂಟರಿಗೆ ಹೇಳಿದಳು. ಅವರು ಬೇರೆಯವರಲ್ಲಿ ಕೊಳ್ಳುವುದಾಗಿ ಹೇಳಿ ಹೋದರು. ಆ ತಿಂಗಳು ನಮ್ಮ ಮನೆಗೆ ಬಿಗಿಯಾಯಿತು. ಪರೀಕ್ಷೆಯ ಶುಲ್ಕ ಕಟ್ಟಲು ಕೊನೆಯ ದಿನ ಯಾವುದೆಂದು ಅವಳು ಎರಡು ಸಲ ಫೋನು ಮಾಡಿ ಕೇಳಿದಳು. ದಂಡವಿಲ್ಲದೆ ಕಟ್ಟುವ ಕೊನೆಯ ದಿನ ಸಂಜೆ ಮೂರೂವರೆಗೆ ಹಣ ಬಂತು. ಈಗ ಅವಳು ಏಡಿಗಳನ್ನು ಹತ್ತಿರದ ಎರಡು ಊಟದ ಹೋಟೆಲುಗಳಿಗೆ ತಾನೇ ಹೊತ್ತು ಒಯ್ದು ಕೊಡುತ್ತಾಳೆ. ಬೆಲೆ ಮೊದಲಿನಷ್ಟಿಲ್ಲ. ದಾರಿ ಮುಕ್ಕಾಲು ಗಂಟೆಯದು. ಅವಳ ಏಡಿಗಳು ತಪ್ಪಿಸಿಕೊಂಡವೆಂದು ಸಮಾಧಾನಪಡುವಂತಿಲ್ಲ. ಆ ಪೆಟ್ಟಿಗೆಗಳು ಬೇರೆ ಅಂಗಳಗಳ ಏಡಿಗಳಿಂದ ತುಂಬಿ ಇಂದಿಗೂ ಘಟ್ಟ ಹತ್ತುತ್ತಿವೆ. ಈ ಕಾಲೇಜಿನಿಂದ ಹೊರಬೀಳುವ ನಮ್ಮಲ್ಲಿ ಯಾರೋ ನಾಳೆ ಮೀನುಗಾರಿಕೆಯ ಇಲಾಖೆಗೆ, ಪಂಚಾಯಿತಿಗೆ, ಪತ್ರಿಕೆಗೆ, ಸಾರಿಗೆಯ ಕಚೇರಿಗೆ ಸೇರಬಹುದು. ನಾಯಿ, ಬೆಕ್ಕು, ದನ, ಕುರಿ, ಕುದುರೆ, ಕೋತಿಗಳನ್ನು ಹೇಗೆ ಸಾಗಿಸಬೇಕೆಂದು 1978ರಲ್ಲಿಯೇ ನಿಯಮಗಳಾಗಿವೆ. 2001ರಲ್ಲಿ ಕೋಳಿ, ಹಂದಿಗಳೂ ಸೇರಿದವು. ಮೂಲ ಕಾಯಿದೆಯ ಮಾತು ಏಡಿಗೂ ಸಲ್ಲುತ್ತದಾದರೂ, ಈ ನಿಯಮಗಳ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇಲ್ಲ. ಆ ಸಾಲನ್ನು ಬರೆಯಬೇಕಾದವರು ಇಂದು ಎಲ್ಲಿಯೋ ಒಂದು ತರಗತಿಯ ಬೆಂಚಿನ ಮೇಲೆಯೇ ಕುಳಿತಿರಬೇಕು.

ಕಳೆದ ರಜೆಯಲ್ಲಿ ಈ ಕಾಯಿದೆಯ ಸಂಗತಿಯನ್ನು ಚಿಕ್ಕಿಗೆ ಹೇಳಿದೆ. ಅವಳು ಇಕ್ಕಳಕ್ಕೆ ದಾರ ಸುತ್ತುತ್ತ ಕೇಳುತ್ತಿದ್ದಳು. “ಕಾನೂನಂಗೆ ಏಡಿ ಹೆಸ್ರ್ ಇತ್ತಾ?” ಎಂದಳು.

ಹೆಸರು ಇಲ್ಲ ಎಂದೆ. ಮನುಷ್ಯನ ಹೊರತು ಯಾವುದೇ ಜೀವಿ ಎಂದಷ್ಟೇ ಬರೆದಿದೆ ಎಂದೆ.

ಅವಳು ಗಂಟನ್ನು ಒಂದು ಎಳೆ ಸಡಿಲ ಮಾಡಿ, ಏಡಿಯನ್ನು ಸೊಪ್ಪಿನ ಮೇಲೆ ಇಟ್ಟು, “ಹೆಸ್ರ್ ಎಂತಕ್ಕೆ? ಜೀವ ಅಂದ್ರೆ ಸಾಕಲ್ದಾ” ಎಂದಳು.